ಒಂದು ಕಾಲಿನ ಕಡಗ

ಸಂಕ್ರಾಂತಿ ಕಳೆದು ಎಂಟು ದಿನವಾಗಿತ್ತು. ಹಿರೇಕೊಟ್ನೆಕಲ್ಲಿನ ಹೊಲಗಳಲ್ಲಿ ಹತ್ತಿ ಎರಡನೆಯ ಸಲ ಬಿಡಿಸುವ ಕೆಲಸ ನಡೆದಿತ್ತು. ಮಂಜು ಆರುವುದರೊಳಗೆ ಮಹಬೂಬೀ ನಾಲ್ಕು ಸಾಲು ಮುಗಿಸಿ, ಉಡಿಯ ಹತ್ತಿಯನ್ನು ಗೋಣಿತಟ್ಟಿನ ಮೇಲೆ ಸುರಿದಳು. ಐದು ತಿಂಗಳ ಜೈನಬಿ ಬೇವಿನ ಟೊಂಗೆಗೆ ಕಟ್ಟಿದ ಜೋಲಿಯಲ್ಲಿತ್ತು. ಆರು ವರ್ಷದ ಹಸೀನಾ ಜೋಲಿ ತೂಗುತ್ತ ತೂಗುತ್ತ ತಾನೇ ತೂಕಡಿಸುತ್ತಿದ್ದಳು.

"ಸಾಕ್ ಬಾ ಇನ್ನ," ಗಂಡ ಶಾಮೀದಸಾಬ ಬದುವಿನಿಂದ ಕೂಗಿದ. "ಬಸ್ಸು ತಪ್ಪಿದ್ರ ಫಾತೇಹಾ ಮುಗದ ಮ್ಯಾಲೆ ತಾಟು ತೊಳ್ಯಾಕ ಹೋಗ್ಬೇಕು ನಾವು."

"ಗೋಪಮ್ಮಾ, ಆಳಿನ ಮ್ಯಾಲೆ ಕಣ್ಣಿಡಬೇ," ಎಂದು ಪಕ್ಕದ ಹೊಲದವಳಿಗೆ ಹೇಳಿ ಮಹಬೂಬೀ ಕೂಸನ್ನು ಎತ್ತಿಕೊಂಡಳು. ಕೂಸಿನ ಎರಡು ಕಾಲಲ್ಲೂ ಬೆಳ್ಳಿ ಕಡಗ. ಅವನ್ನು ತೊಡಿಸಿದ ಅಣ್ಣ ಅಲ್ಲಾಉದ್ದೀನ ತೀರಿಕೊಂಡ ನಲವತ್ತನೆಯ ದಿನದ ಫಾತೇಹಾ ಆ ದಿನ ದೇವದುರ್ಗದಲ್ಲಿತ್ತು.

ಅವನು ದೇವದುರ್ಗದಲ್ಲಿ ಬಳೆ ಅಂಗಡಿ ಇಟ್ಟವನು. ಕಾಮಣಿಯಾಗಿ ವಾರದೊಳಗೆ ಹೋಗಿಬಿಟ್ಟ. ಅಪ್ಪ ಅವ್ವ ಮೊದಲೇ ಇರಲಿಲ್ಲ. ಅವನ ಮಗ ಹುಟ್ಟಿ ಎಂಟು ದಿನಕ್ಕೆ ಜೈನಬಿ ಹುಟ್ಟಿತ್ತು. ಹೆಸರಿಡುವ ದಿನ ಬಂದು, ನಾಲ್ಕು ಮಂದಿಯ ಎದುರು ಕಡಗ ತೊಡಿಸಿ, "ಇವು ಗುರ್ತು. ಈಕಿ ನನ್ನ ಮಗಗ, ನನ್ನ ಸೊಸಿ. ತವರು ಕಡೀತನಕ ನಿನಗ ಅದ, ತಂಗಿ," ಅಂದಿದ್ದ. ಈಗ ಅವನ ಹೆಂಡತಿ ಶಹಜಾದಿ ಬೇಗಂಳನ್ನು ವಿಧವೆ ಮನೆಯಲ್ಲೇ ಕಳೆಯುವ ಇದ್ದತ್ ಅವಧಿ ಮುಗಿದ ಮೇಲೆ ರಾಯಚೂರಿನ ತವರಿನವರು ಕರೆದೊಯ್ಯುತ್ತಾರೆ ಎಂಬ ಮಾತಿತ್ತು. ಆಮೇಲೆ ಮಹಬೂಬೀಗೆ ತವರು ಅಂತ ಉಳಿಯುವುದು ಆ ಎರಡು ಕಡಗಗಳಷ್ಟೇ.

ಮಾನ್ವಿಯಲ್ಲಿ ತಾಸುಗಟ್ಟಲೆ ನಿಂತರು. ಸಿರವಾರದಲ್ಲಿ ಮತ್ತೆ ನಿಂತರು. ಶಾಮೀದಸಾಬ ಬೀಡಿ ಹಚ್ಚುವುದು, ರಸ್ತೆ ನೋಡುವುದು, ಆರಿಸುವುದು ಮಾಡುತ್ತಲೇ ಇದ್ದ.

"ಅಮ್ಮಾ, ಮಾಮು ಮನ್ಯಾಗ ಇರ್ತಾನ?" ಹಸೀನಾ ಕೇಳಿದಳು.

"ಇಲ್ಲ."

"ಮತ್ತ್ಯಾಕ ಹೊಂಟೀವಿ?"

"ನಿನ್ನ ಬಾಯಿ ಮುಚ್ಚಸಾಕ," ಅಂದ ಶಾಮೀದಸಾಬ.

ದೇವದುರ್ಗದ ಓಣಿ ತಿರುಗುವಾಗಲೇ ಕೂಸಿನ ಅಳು ಕೇಳಿಸಿತು. ಅಂಗಳದಲ್ಲಿ ಗಂಡಸರು ಜಮಖಾನದ ಮೇಲೆ ಸಾಲಾಗಿ ಕೂತು ಓದುತ್ತಿದ್ದರು. ಶಾಮೀದಸಾಬ ಅವರ ನಡುವೆ ಕೂತ. ಮಹಬೂಬೀ ಮಕ್ಕಳೊಂದಿಗೆ ಒಳಮನೆಗೆ ಹೋದಳು. ಬಿಳಿ ಸೀರೆಯ ಶಹಜಾದಿ ಬೇಗಂ ಗೋಡೆಗೆ ಒರಗಿದ್ದಳು. ಮಹಬೂಬೀಯ ಫುಪ್ಪು, ಅಪ್ಪನ ಅಕ್ಕ ಅನ್ವರಿ ಬೇಗಂ, ಅಣ್ಣನ ಕೂಸು ಮಲಂಗನನ್ನು ಹೆಗಲ ಮೇಲೆ ಹಾಕಿಕೊಂಡು ಅತ್ತಿಂದಿತ್ತ ತಿರುಗುತ್ತಿದ್ದಳು.

"ಏನಾಗ್ಯದ ಫುಪ್ಪು?"

"ಹಸಿವು, ಮತ್ತೇನು? ಈಕಿಗಿ ಜ್ವರ ಬಂದು ಹಾಲು ಬತ್ತ್ಯಾವ. ಎಮ್ಮಿ ಹಾಲು ಹಾಕಿದ್ರ ಕಾರ್ಕೊಂತದ. ಮಗ್ಗಲಮನಿ ಬಸವಂತಮ್ಮನ ಸೊಸಿ ದಿನಾ ಕುಡಸ್ತಿದ್ಲು. ನಿನ್ನಿ ಸಂಜಿಗಿ ಆಕೀನೂ ತವರಿಗಿ ಹ್ವಾದ್ಲು. ಇವತ್ತ ಸಂಜಿ ಬಸ್ಸಿಗಿ ಬರ್ತೀನಂದಾಳ."

ನಿನ್ನೆ ಸಂಜೆಯಿಂದ! ಮಹಬೂಬೀಯ ಕುಪ್ಪಸ ಆಗಲೇ ಒದ್ದೆಯಾಗಿತ್ತು. ಅವಳು ಕೈ ಚಾಚಿದಳು. ಫುಪ್ಪು ಕೂಸನ್ನು ಆಚೆ ಹೆಗಲಿಗೆ ಹಾಕಿಕೊಂಡಳು.

"ಎತ್ಕೊ ಬ್ಯಾಡ. ಎತ್ಕೊಂಡ್ರ ಕುಡಸ್ತಿ. ನಿನ್ನ ಹಾಲು ಒಂದ್ ಗುಟುಕು ಒಳಗ ಹ್ವಾದ್ರೂ ಇವ ನಿನ್ನ ಮಗಳಿಗಿ ಅಣ್ಣ ಆಗ್ತಾನ. ಆಮ್ಯಾಲೆ ನಿಕಾಹ್ ಎಲ್ಲೀದು? ಅಲ್ಲಾಉದ್ದೀನನ ಮಾತು ಅವನ ಜೋಡೀನ ಮಣ್ಣಾಗ ಹ್ವಾದಂಗ."

"ಹಿಂಡಿ ಚಮಚದಾಗ ಹಾಕಿದ್ರ?"

"ಚಮಚ ಏನು, ಬೊಗಸಿ ಏನು. ಹಾಲು ನಿಂದ ಅಲ್ಲ?"

ಶಹಜಾದಿ ಬೇಗಂ ನಾದಿನಿಯ ಒದ್ದೆ ಕುಪ್ಪಸ ನೋಡಿ ಮುಖ ತಿರುಗಿಸಿದಳು.

ಮಹಬೂಬೀ ಕೂತಳು, ಎದ್ದಳು. ಹಸೀನಾ ಮಲೀದೆಯ ಪರಾತಕ್ಕೆ ಕೈ ಹಾಕುವುದನ್ನು ಕಂಡು, "ಫಾತೇಹಾ ಆಗೂತನ ಮುಟ್ಟಬಾರ್ದು," ಎಂದು ಹೊಡೆದಳು. ಹೊಡೆದದ್ದಕ್ಕೆ ತಾನೇ ಕಣ್ಣು ಒರೆಸಿಕೊಂಡಳು. "ಹೋಗು, ಅಬ್ಬಾನ್ನ ಕರ್ಕೊಂಡ್ ಬಾ. ಅಮ್ಮ ಏನೋ ಕೇಳ್ಬೇಕಂತ ಅನ್ನು."

ಹುಡುಗಿ ಹೋಗಿ ಬಂದಳು. "ಬರಂಗಿಲ್ಲಂತ. ಕೈ ಮಾಡಿ ಹೋಗಂದ. ಅಬ್ಬಾಗ ಓದಾಕ ಎಲ್ಲಿ ಬರ್ತದ ಅಮ್ಮಾ? ತುಟಿ ಅಷ್ಟ ಅಲ್ಲಾಡಸಾಕತ್ತಾನ."

ಮೂಲೆಯಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮಹಬೂಬೀ ನಗಲಿಲ್ಲ. ಸೀರೆಗೆ ಅಂಟಿಕೊಂಡು ಬಂದಿದ್ದ ಹತ್ತಿಯ ಎಳೆಗಳನ್ನು ಹೊಸೆದು, ಸಕ್ಕರೆ ನೀರಿನಲ್ಲಿ ಅದ್ದಿ, ಫುಪ್ಪುವಿನ ಹೆಗಲ ಮೇಲಿದ್ದ ಕೂಸಿನ ಬಾಯಿಗೆ ಹಿಡಿದಳು. ಅದು ಎರಡು ಸಲ ಚೀಪಿ ಉಗುಳಿತು. ಆಮೇಲಿನ ಅಳುವಿಗೆ ಮೊದಲಿನ ಜೋರಿರಲಿಲ್ಲ. ಬರೀ ಎಳೆದಂತಿತ್ತು.

ಎದೆ ಕಲ್ಲಾಗಿ ನೋಯತೊಡಗಿದಾಗ ಆಕೆ ಗೋಡೆಯ ಕಡೆ ತಿರುಗಿ ಜೈನಬಿಗೆ ಮೊಲೆ ಕೊಟ್ಟಳು. ಜೈನಬಿ ಗುಟುಕರಿಸುವ ಸದ್ದು ಆ ಸಣ್ಣ ಖೋಲಿಯಲ್ಲಿ ದೊಡ್ಡದಾಗಿ ಕೇಳಿಸಿತು. ಮಲಂಗ ಅಳು ನಿಲ್ಲಿಸಿ ಆ ಸದ್ದಿನ ಕಡೆ ಕತ್ತು ಹೊರಳಿಸಿದ. ಅವನ ಬಾಯಿ ಖಾಲಿ ಗಾಳಿಯನ್ನೇ ಚೀಪುತ್ತಿತ್ತು.

ಮಹಬೂಬೀ ಜೈನಬಿಯನ್ನು ಬಿಡಿಸಿ ನೆಲಕ್ಕೆ ಹಾಕಿದಳು.

"ಕೊಡು ಫುಪ್ಪು."

"ಸಂಜೀತನ ತಡಿ, ಖೋಡಿ. ನಾಲ್ಕ್ ತಾಸು."

"ಮಾತು ನನಗ ಕೊಟ್ಟಿದ್ದ. ಬಿಡಾಕಿನೂ ನಾನ. ಕೊಡು."

ಮುದುಕಿ ಕೊಡಲಿಲ್ಲ. ಹಾಗಂತ ಗಟ್ಟಿಯಾಗಿ ಹಿಡಿದುಕೊಳ್ಳಲೂ ಇಲ್ಲ. ಎದೆಗೆ ಹಾಕಿಕೊಂಡ ಕೂಡಲೇ ಮಲಂಗ ಕಚ್ಚಿಕೊಂಡ ಜೋರಿಗೆ ಮಹಬೂಬೀ ಹಲ್ಲು ಕಡಿದಳು. ಅಂಗಳದಿಂದ ಲೋಬಾನದ ಹೊಗೆ ಒಳಗೆ ಬಂತು. ಎಲ್ಲರೂ ಸೆರಗು ಹೊದ್ದು ಕೈ ಎತ್ತಿದರು. ಅವಳೊಬ್ಬಳಿಗೆ ಎತ್ತಲು ಕೈ ಇರಲಿಲ್ಲ.

ದುವಾ ಮುಗಿದಾಗ ಕೂಸು ನಿದ್ದೆ ಹೋಗಿತ್ತು. ಶಹಜಾದಿ ಬೇಗಂ ಬೆಳಗಿನಿಂದ ಮೊದಲ ಸಲ ಮಾತಾಡಿದಳು. "ನಾನ ಕೇಳ್ಬೇಕಂತಿದ್ದೆ. ಬಾಯಿ ಬರ್ಲಿಲ್ಲ."

"ಕೇಳಿದ್ರ ಬೈತಿದ್ದೆ," ಅಂದಳು ಮಹಬೂಬೀ.

ಉಂಡಾದ ಮೇಲೆ ಅವಳು ಕೊಬ್ಬರಿ ಎಣ್ಣೆ ತರಿಸಿ ಜೈನಬಿಯ ಕಾಲಿಗೆ ಹಚ್ಚಿದಳು. ನಿಕಾಹ್ ಇಲ್ಲವೆಂದ ಮೇಲೆ ಗುರುತು ಇಟ್ಟುಕೊಳ್ಳುವ ಹಾಗಿರಲಿಲ್ಲ. ಬಲಗಾಲಿನ ಕಡಗ ಜಾರಿ ಬಂತು. ಎಡಗಾಲಿನದು ಹಿಮ್ಮಡಿಗೆ ಸಿಕ್ಕಿಕೊಂಡಿತು. ತಿರುವಿದಳು, ಎಳೆದಳು. ಕೂಸು ಕಿರುಚಿತು. ಹೊರಗಿನಿಂದ ಶಾಮೀದಸಾಬ, "ಬಸ್ಸಿನ ಹೊತ್ತಾತು," ಅಂದ. ಬಂದ ಒಂದನ್ನೇ ಮಲಂಗನ ದಿಂಬಿನ ಕೆಳಗಿಟ್ಟು ಎದ್ದಳು.

ನಿಲ್ದಾಣದಲ್ಲಿ ಶಾಮೀದಸಾಬ ಜೈನಬಿಯನ್ನು ಎತ್ತಿಕೊಂಡ. ಕೈಗೆ ಎಣ್ಣೆ ಹತ್ತಿತು. ಕಾಲು ನೋಡಿದ.

"ಇನ್ನೊಂದೆಲ್ಲಿ?"

"ಕೊಟ್ಟೆ. ಮಲಂಗಗ ಹಾಲು ಕುಡಿಸಿದೆ."

ಅವನು ಬೀಡಿ ತೆಗೆದ, ಹಚ್ಚದೆ ಕಿವಿಗೆ ಸಿಕ್ಕಿಸಿದ. "ನನ್ನ ಒಂದ್ ಮಾತು ಕೇಳ್ಬಾರ್ದಿತ್ತ?"

"ಕರೀ ಕಳಿಸಿದ್ದೆ. ನೀನು ಓದಾಕತ್ತಿದ್ದಿ."

ಅಷ್ಟರಲ್ಲಿ ಬಸವಂತಮ್ಮನ ಸೊಸೆ ಬರಬೇಕಿದ್ದ ಬಸ್ಸು ಬಂತು. ಮಹಬೂಬೀ ಬಾಗಿಲ ಬಳಿ ಹೋಗಿ ಇಳಿಯುವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಡೆಗೆ ಕಂಡಕ್ಟರನೇ ಇಳಿದ. ಕೂಸಿರುವ ಹೆಂಗಸು ಯಾರೂ ಇರಲಿಲ್ಲ.

"ಆಕಿ ಬರ್ಲಿಲ್ಲ," ಅಂದಳು. "ರಾತ್ರಿಗಿ ಮತ್ತ ಅಳ್ತದ. ನೀನು ಹಸೀನಾನ್ನ ಕರ್ಕೊಂಡ್ ನಡಿ. ನಾನೂ ಜೈನಬಿ ಇರ್ತೀವಿ."

"ಹತ್ತಿ?"

"ಗೋಪಮ್ಮ ಅದಾಳ."

ಶಾಮೀದಸಾಬ ಜೈನಬಿಯ ಎಡಗಾಲನ್ನು ಅಂಗೈಯಲ್ಲಿಟ್ಟು ಕಡಗವನ್ನು ಒಮ್ಮೆ ತಿರುವಿ ನೋಡಿದ. ಅದು ತಿರುಗಿತೇ ಹೊರತು ಬರಲಿಲ್ಲ.

"ಪತ್ತಾರನ ಕಡಿಂದ ಕೊಯ್ಸಬೇಕಾಗ್ತದ."

"ಕೊಯ್ಸಿದಾಗ ಕೊಟ್ಟು ಬರೂನು."

ಅವನು ಕೂಸನ್ನು ಅವಳ ಕೈಗೆ ಕೊಟ್ಟು ಹಸೀನಾಳನ್ನು ಬಸ್ಸಿಗೆ ಹತ್ತಿಸಿದ. ಮಹಬೂಬೀ ಬಸ್ಸು ಹೊರಡುವ ತನಕ ನಿಲ್ಲಲಿಲ್ಲ. ಕುಪ್ಪಸ ಮತ್ತೆ ಒದ್ದೆಯಾಗತೊಡಗಿತ್ತು. ಓಣಿಯ ಕಡೆ ಬಿರಬಿರನೆ ನಡೆದಳು.