ಪೆಟೂನಿಯಾಳ ಹಾಲು

ಸೂಕ್ಷ್ಮಜೀವಿ ಬೆಳೆಸಿದ ಗಾಜಿನ ಪ್ಲೇಟು ಮೇಜಿನ ಸುತ್ತ ಕೈಯಿಂದ ಕೈಗೆ ಹೋಗುತ್ತಿತ್ತು. ಮಾರ್ಲಿಸ್ ಗೋಡೆಗೆ ಒರಗಿ, ಅದು ರೋಲ್ಫ್ ಅಮುಂಡ್ಸನ್‌ನ ಕೈಗೆ ಬರುವುದನ್ನೇ ಕಾಯುತ್ತಿದ್ದಳು. ಪ್ರಯೋಗಾಲಯದ ಮುಖ್ಯಸ್ಥನಾದ್ದರಿಂದ ಅವನದು ಕೊನೆಯ ಸರದಿ.

ವಿಸ್ಕಾನ್ಸಿನ್ನಿನ ಆ ಪಶುರೋಗ ಪ್ರಯೋಗಾಲಯದಲ್ಲಿ ಹೊಸದಾಗಿ ತಜ್ಞರಾದವರು ಒಂದು ಗುಟ್ಟಿನ ಪ್ಲೇಟು ಬೆಳೆಸಿ ತರಬೇಕು. ಅದರಲ್ಲಿರುವ ಜೀವಿ ಯಾವುದೆಂದು ಉಳಿದವರು ಹೇಳಬೇಕು. ಆಮೇಲೆ ಎಲ್ಲರೂ ಕೈ ತೊಳೆದು ಪಕ್ಕದ ಕೋಣೆಯಲ್ಲಿ ಸಿಹಿ ತಿನ್ನಬೇಕು. ಈ ಸಲ ಹಾಗೆ ತಜ್ಞಳಾದವಳು ಮಾರ್ಲಿಸ್. ಪೀಕನ್ ಬೀಜ ತುಂಬಿದ, ಕ್ರಿಂಗಲ್ ಎಂಬ ದೊಡ್ಡ ಸಿಹಿರೊಟ್ಟಿಯನ್ನು ಮಾರ್ಲಿಸ್ ಬೆಳಿಗ್ಗೆ ಬೇಕರಿಯಿಂದ ತಂದಿದ್ದಳು. ಪ್ಲೇಟಿನ ಜೀವಿಯನ್ನು ಮಾತ್ರ ಎಷ್ಟೋ ವರ್ಷಗಳಿಂದ ಫ್ರೀಜರಿನ ತಳದಲ್ಲಿ ಕಾಪಾಡಿಕೊಂಡು ಬಂದಿದ್ದಳು.

ಆಗ ಅವಳು ಪಶುವೈದ್ಯಕೀಯ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ರೋಲ್ಫ್‌ನ ಕೈಕೆಳಗೆ ಸೂಕ್ಷ್ಮಜೀವಿಶಾಸ್ತ್ರದ ರೆಸಿಡೆನ್ಸಿ, ಅಂದರೆ ತಜ್ಞರಾಗುವ ತರಬೇತಿ, ಅವಳಿಗೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಎಲ್ಮರ್ ಝಾಸ್ಟ್ರೋ ಎಂಬ ರೈತನ ಕೊಟ್ಟಿಗೆಯಿಂದ ಕೆಚ್ಚಲು ಬಾವಿನ ಹಾಲು ಬಂತು. ಅದರಲ್ಲಿ ಬೆಳೆದದ್ದನ್ನು ಕಂಡು ಅವಳಿಗೆ ಅನುಮಾನವಾಯಿತು.

"ಡಾಕ್ಟ್ರೇ, ಒಂದ್ಸಲ ಮೈಕ್ರೋಸ್ಕೋಪಲ್ಲಿ ನೋಡ್ತೀರಾ?"

ಕೋಟು ತೊಟ್ಟು ಮೀಟಿಂಗಿಗೆ ಹೊರಟಿದ್ದ ರೋಲ್ಫ್ ಬಾಗಿಲಿಂದಲೇ ಇಣುಕಿದ. "ಯೀಸ್ಟು. ಕೊಳಕು ಕೈಯಿಂದ ಬಿದ್ದಿದೆ. ಹೋಗಿ ಕೈ ತೊಳ್ಕೊಂಡು ಬಾಮ್ಮ!"

ಎಲ್ಲರೂ ನಕ್ಕರು.

ಅದು ಯಾವ ಔಷಧಿಗೂ ಬಗ್ಗದ ಪಾಚಿಯಾಗಿತ್ತು. ರೋಗದ ಹಸುಗಳನ್ನು ಆಗಲೇ ಬೇರೆ ಮಾಡಿದ್ದರೆ ಉಳಿದವು ಬದುಕುತ್ತಿದ್ದವು. ಬೇರೆ ರಾಜ್ಯದ ಪ್ರಯೋಗಾಲಯ ಅದರ ಹೆಸರು ಹೇಳುವಷ್ಟರಲ್ಲಿ ಕೊಟ್ಟಿಗೆಯ ತುಂಬ ಹರಡಿ, ಝಾಸ್ಟ್ರೋ ಎಲ್ಲ ಹಸುಗಳನ್ನೂ ಕಸಾಯಿಖಾನೆಗೆ ಕಳಿಸಿದ. ಮೊದಲ ಹಾಲನ್ನು ನಮ್ಮ ಹುಡುಗಿ ಕೆಡಿಸಿಬಿಟ್ಟಳು ಎಂದು ರೋಲ್ಫ್ ಅವನಿಗೆ ಹೇಳಿದ. ತಾನು ಕೆಡಿಸಿಲ್ಲವೆಂದು ಮಾರ್ಲಿಸ್ ಬಾಯಿ ನೋಯುವಷ್ಟು ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರೆಸಿಡೆನ್ಸಿ ಬೇರೆಯವರ ಪಾಲಾಯಿತು.

ಅವಳು ಕೆಲಸ ಬಿಡಲಿಲ್ಲ. ಬಿಟ್ಟರೆ ಅವನು ಗೆದ್ದಂತೆ. ರೆಸಿಡೆನ್ಸಿ ಸಿಗದವರಿಗೂ ಒಂದು ದಾರಿಯಿತ್ತು. ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ದುಡಿದ ಅನುಭವವನ್ನು ತಜ್ಞರ ಮಂಡಳಿ ಒಪ್ಪಿದರೆ, ರೆಸಿಡೆನ್ಸಿ ಮುಗಿಸಿದವರು ಬರೆಯುವ ತಜ್ಞರ ಪರೀಕ್ಷೆಗೇ ಕೂರಬಹುದು. ರೋಲ್ಫ್ ಅದಕ್ಕೂ ನಗಾಡಿದ. "ಅನುಭವವಾ? ನಾನೂ ಮೂವತ್ತು ವರ್ಷದಿಂದ ವಿಮಾನದಲ್ಲಿ ಓಡಾಡ್ತಿದೀನಿ. ಯಾರಾದ್ರೂ ಓಡಿಸೋಕೆ ಕೊಡ್ತಾರೇನಮ್ಮಾ?"

ಅವಳೂ ನಕ್ಕಳು. ನಕ್ಕು, ಮನೆಗೆ ಹೋಗಿ ಓದಿದಳು. ವಿದ್ಯೆಯ ಮೇಲಿನ ಪ್ರೀತಿಯಿಂದ ಓದಿದೆ ಎಂದು ಅವಳು ಈಗ ಅಭಿನಂದಿಸಿದವರಿಗೆಲ್ಲ ಹೇಳುತ್ತಿದ್ದಾಳೆ. ಶುದ್ಧ ಸುಳ್ಳು. ಅವಳನ್ನು ಓದಿಸಿದ್ದು ದ್ವೇಷ, ಅದೂ ಒಂದು ದಿನವೂ ರಜೆ ಕೇಳದ ದ್ವೇಷ.

ಹಸುಗಳು ಹೋದ ಮೇಲೆ ಝಾಸ್ಟ್ರೋ ಪ್ರಯೋಗಾಲಯಕ್ಕೆ ಊರೂರಿನ ಹಾಲು, ರಕ್ತ ತರುವ ವ್ಯಾನಿಗೆ ಡ್ರೈವರಾದ. ಪೆಟ್ಟಿಗೆಯನ್ನು ಎಂದೂ ಮಾರ್ಲಿಸ್‌ಳ ಕೈಗೆ ಕೊಟ್ಟವನಲ್ಲ. ಅವಳ ಕಾಲ ಬಳಿ ನೆಲಕ್ಕಿಟ್ಟು, ಮುಖ ನೋಡದೆ ಹೋಗುತ್ತಿದ್ದ. ಅವನು ಬರುವ ಹೊತ್ತನ್ನು ನೋಡಿಕೊಂಡೇ ಅವಳು ಇವತ್ತು ಎಲ್ಲರನ್ನೂ ಕೂಡಿಸಿದ್ದಳು. ಈಗ ಅವನು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಪ್ಲೇಟು ಕೈಗೆ ಬಂದದ್ದೇ ರೋಲ್ಫ್ ಅದರಿಂದ ಒಂದು ಚೂರನ್ನು ಗಾಜಿನ ಪಟ್ಟಿಗೆ ಹಚ್ಚಿ ಮೈಕ್ರೋಸ್ಕೋಪಿಗೆ ಬಗ್ಗಿದ. "ಅಬ್ಬಾ, ಏನು ಚೆಂದ! ಹೊಟ್ಟೆ ತುಂಬ ಮರಿ ಇಟ್ಕೊಂಡಿದೆ ನೋಡಿ. ಯೀಸ್ಟಾಗಿದ್ರೆ ಪಕ್ಕದಲ್ಲಿ ಮೊಗ್ಗು ಬಿಡ್ತಿತ್ತು. ಇದು ಪ್ರೊಟೊಥೀಕಾ. ಪಾಚಿ."

"ಬರಿಗಣ್ಣಿಗೆ ಯೀಸ್ಟಿನ ಹಾಗೇ ಇದ್ಯಲ್ಲ ಡಾಕ್ಟ್ರೇ?" ಎಂದ ಒಬ್ಬ ರೆಸಿಡೆಂಟ್.

"ಅದಕ್ಕೇ ಅಲ್ವೇನಯ್ಯಾ ಮೈಕ್ರೋಸ್ಕೋಪು ಇರೋದು? ಬಗ್ಗಿ ನೋಡ್ದೆ ಯೀಸ್ಟು ಅನ್ನೋನನ್ನ ಈ ಬಾಗಿಲೊಳಗೇ ಬಿಡಬಾರದು!"

ಅವನಿಗೆ ನೆನಪೇ ಇರಲಿಲ್ಲ. ಮಾರ್ಲಿಸ್‌ಳ ಅಷ್ಟು ವರ್ಷಗಳನ್ನು ತಿಂದ ಮಾತು ಅವನಿಗೆ ಅರ್ಧ ದಿನವೂ ನೆನಪಿನಲ್ಲಿ ಉಳಿದಿರಲಿಲ್ಲ. ಆದರೇನಂತೆ, ತೀರ್ಪು ಅವನ ಬಾಯಿಂದಲೇ ಬಂದಿತ್ತು.

"ಸರಿಯಾಗಿ ಹೇಳಿದ್ರಿ ಡಾಕ್ಟ್ರೇ," ಎಂದಳು. "ಇದು ಪೆಟೂನಿಯಾ ಅನ್ನೋ ಹಸುವಿನ ಹಾಲಿಂದ ಬಂದಿದ್ದು. ಝಾಸ್ಟ್ರೋ ಅವರ ಕೊಟ್ಟಿಗೇದು. ಆ ಮೊದಲನೇ ಹಾಲು."

ರೋಲ್ಫ್‌ನ ನಗು ಬಾಯಲ್ಲೇ ನಿಂತಿತು. ಝಾಸ್ಟ್ರೋ ಪೆಟ್ಟಿಗೆ ಸಮೇತ ಒಳಗೆ ಬಂದು, ಪ್ಲೇಟಿನ ಮೇಲೆ ಬಗ್ಗಿ ನೋಡಿದ.

"ನಮ್ಮ ಪೆಟೂನಿಯಾದ್ದಾ?" ಎಂದ. ಆಮೇಲೆ ರೋಲ್ಫ್‌ನ ಕಡೆ ತಿರುಗಿ, "ಅವತ್ತು ಹೀಗೆ ಬಗ್ಗಿ ನೋಡಿದ್ರಾ ಡಾಕ್ಟ್ರೇ?" ಎಂದು ಕೇಳಿದ.

ರೋಲ್ಫ್‌ನ ಮುಖ ಬೋಳುತಲೆಯವರೆಗೂ ಕೆಂಪೇರಿತು. ಮಾರ್ಲಿಸ್‌ಗೆ ಕನಿಕರ ಬರಬಹುದೇನೋ ಎಂಬ ಭಯವಿತ್ತು, ಬರಲಿಲ್ಲ.

"ಹೋಗಿ ಕೈ ತೊಳ್ಕೊಂಡು ಬನ್ನಿ ಡಾಕ್ಟ್ರೇ," ಎಂದಳು. "ಕ್ರಿಂಗಲ್ ಕತ್ತರಿಸೋಣ."

ಯಾರೂ ನಗಲಿಲ್ಲ. ರೋಲ್ಫ್ ಎದ್ದು ಸಿಂಕಿನತ್ತ ನಡೆದ. ಝಾಸ್ಟ್ರೋ ಪೆಟ್ಟಿಗೆಯನ್ನು ಇಡಲು ನೆಲದತ್ತ ಬಾಗಿದವನು, ಮತ್ತೆ ನೆಟ್ಟಗಾಗಿ ಅದನ್ನು ಅವಳತ್ತ ಚಾಚಿದ. ಮಾರ್ಲಿಸ್ ಎರಡೂ ಕೈ ಒಡ್ಡಿ ತೆಗೆದುಕೊಂಡಳು.

ಪಕ್ಕದ ಕೋಣೆಯಲ್ಲಿ ಅವಳು ಎಲ್ಲರಿಗಿಂತ ದೊಡ್ಡ ತುಂಡನ್ನು ರೋಲ್ಫ್‌ಗೆಂದು ಕತ್ತರಿಸಿಟ್ಟಳು. ಉಳಿದವರು ತಿಂದು ಮುಗಿಸಿದರು. ಗೋಡೆಯಾಚೆ ನಲ್ಲಿ ಇನ್ನೂ ಸುರಿಯುತ್ತಲೇ ಇತ್ತು.