ನೇರನುಡಿಯವರು ಬರುವ ದಿನ

ನಮ್ಮ ಯಜಮಾನರ ಕ್ಷೌರದ ಅಂಗಡಿಯಲ್ಲಿ ಕನ್ನಡಿಯ ಮೇಲೊಂದು ಹಲಗೆ ಇದೆ: ‘ದಯವಿಟ್ಟು ರಾಜಕೀಯ ಮಾತನಾಡಬೇಡಿ’. ಮಾವನವರ ಕಾಲದ್ದು. ಗಿರಾಕಿಗಳಲ್ಲಿ ಒಬ್ಬನಾದರೂ ಅದನ್ನು ಪಾಲಿಸಿದ್ದು ನಾನು ಕಂಡಿಲ್ಲ. ಪಾಲಿಸುವವರು ಇವರೊಬ್ಬರೇ. ಸರ್ಕಾರದ ಕಡೆಯವನು ಕೂತು ವಿರೋಧಿಗಳನ್ನು ಬೈದರೆ ‘ಹೌದು ಸರ್’. ಅವನೆದ್ದು ಹೋಗಿ ಅದೇ ಕುರ್ಚಿಯಲ್ಲಿ ವಿರೋಧಿ ಕಡೆಯವನು ಕೂತು ಸರ್ಕಾರದ ಜನ್ಮ ಜಾಲಾಡಿದರೂ ‘ಹೌದು ಸರ್’. ಕೈಯಲ್ಲಿ ಕತ್ತಿ, ಕತ್ತಿಯ ಕೆಳಗೆ ಇನ್ನೊಬ್ಬರ ಗಂಟಲು ಇರುವಾಗ ವಾದ ಮಾಡಬಾರದು ಎಂದು ಮಾವ ಕೆಲಸದ ಜೊತೆಗೇ ಮಗನಿಗೆ ಕಲಿಸಿದ್ದರಂತೆ. ಮಗ ಎಷ್ಟು ಚೆನ್ನಾಗಿ ಕಲಿತರೆಂದರೆ, ಕತ್ತಿ ಕೆಳಗಿಟ್ಟ ಮೇಲೂ ಯಾರ ಮುಖ ನೋಡಿಯೂ ‘ಇಲ್ಲ’ ಎನ್ನಲಾರರು.

ಅಂಥವರು ಫೋನು ಹಿಡಿದರೆ ಬೇರೆಯೇ ಅವತಾರ. ಅಲ್ಲಿ ಇವರ ಹೆಸರು ‘ನೇರನುಡಿ’. ಮುಖದ ಜಾಗದಲ್ಲಿ ಬಾಯಿ ತೆರೆದ ಸಿಂಹ. ಮಧ್ಯಾಹ್ನ ಊಟವಾಗಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕುರ್ಚಿ ಹಿಂದಕ್ಕೆ ವಾಲಿಸಿ, ಕನ್ನಡಕ ಮೂಗಿನ ತುದಿಗೆ ತಂದು ಶುರು ಮಾಡುತ್ತಾರೆ. ಚುನಾವಣೆಯಾಗಲಿ, ತೆರಿಗೆಯಾಗಲಿ, ಯಾವುದೋ ದೇಶದ ಯುದ್ಧವಾಗಲಿ, ಇವರ ತೀರ್ಪು ಇಲ್ಲದೆ ಮುಗಿಯುವಂತಿಲ್ಲ. ಎಲ್ಲಕ್ಕಿಂತ ಹೆಚ್ಚು ರುಚಿ ಆಸ್ತಿ ಜಗಳದ ಗುಂಪಿನಲ್ಲಿ. ಯಾರೋ ತಮ್ಮ ಮನೆಯ ಕಷ್ಟ ಹೇಳಿಕೊಳ್ಳುತ್ತಾರೆ, ಮುಖ ಕಾಣದ ನೂರು ಜನ ನ್ಯಾಯ ಹೇಳುತ್ತಾರೆ, ಆಮೇಲೆ ಆ ನೂರು ಜನ ತಮ್ಮತಮ್ಮಲ್ಲೇ ಹೊಡೆದಾಡುತ್ತಾರೆ. ಊರ ಉಸಾಬರಿ ನಿಮಗ್ಯಾಕೆ ಎಂದರೆ, ಅನ್ಯಾಯ ಕಂಡು ಸುಮ್ಮನಿರಲಿಕ್ಕೆ ತನ್ನಿಂದಾಗದು ಎನ್ನುತ್ತಾರೆ. ದಿನವಿಡೀ ‘ಹೌದು ಸರ್’ ಎಂದವರ ಬಾಯಿಂದ ಈ ಮಾತು ಕೇಳಿ ನಗಬೇಕೋ ಅಳಬೇಕೋ ತಿಳಿಯದೆ ನಾನು ಈರುಳ್ಳಿ ಹೆಚ್ಚುತ್ತೇನೆ, ಅಳುವುದಕ್ಕೆ ಅದಾದರೂ ನೆಪವಾಗುತ್ತದೆ.

ಮನೆಯ ವಿಷಯ ಹೇಳಿಬಿಡುತ್ತೇನೆ. ಮನೆ ಅತ್ತೆಯ ಹೆಸರಿನಲ್ಲಿದೆ. ಅತ್ತೆ ತೀರಿಕೊಂಡ ಮೇಲೆ ಪಾಲಾಗಿಲ್ಲ. ಮಕ್ಕಳು ಇಬ್ಬರೇ, ಇವರು ಮತ್ತು ಇವರ ತಂಗಿ. ಮುಂದೆ ಅಂಗಡಿ, ಹಿಂದೆ ನಮ್ಮ ಸಂಸಾರ, ಮೇಲೆ ಎರಡು ಕೋಣೆ. ಮೇಲಿನ ಕೋಣೆಗಳಲ್ಲಿ ವಾಸ ಮಾಡುವುದು ಮುರಿದ ಕುರ್ಚಿಗಳು ಮತ್ತು ಪಾರಿವಾಳ. ನನ್ನ ನಾದಿನಿ ಆಸ್ಪತ್ರೆಯಲ್ಲಿ ನರ್ಸ್. ಗಂಡ ಹೋದ ಮೇಲೆ ಮಗಳನ್ನು ಓದಿಸಿಕೊಂಡು ಬಾಡಿಗೆ ಮನೆಯಲ್ಲಿದ್ದಾಳೆ. ಈಗ ಮಾಲೀಕರು ಮಗನ ಮದುವೆ, ಮನೆ ಖಾಲಿ ಮಾಡಿ ಎಂದಿದ್ದಾರೆ. ಅವಳು ಅಣ್ಣನನ್ನು ಕೇಳುತ್ತಿರುವುದು ಆ ಎರಡು ಕೋಣೆ, ತನ್ನ ಹೆಸರಿಗೆ, ಅಷ್ಟೇ. ಅರ್ಧ ಮನೆ ಕೇಳಿದರೂ ತಪ್ಪಿರಲಿಲ್ಲ.

ತೊಡಕು ಇರುವುದು ಮೆಟ್ಟಿಲಿನಲ್ಲಿ. ಅದು ಅಂಗಡಿಯೊಳಗೆ, ದೊಡ್ಡ ಕನ್ನಡಿಯ ಹಿಂದೆ ಇದೆ. ಅವಳಿಗೆ ಬೇರೆ ಬಾಗಿಲು ಬಿಡಬೇಕಾದರೆ ಕನ್ನಡಿ ಕಿತ್ತು ಗೋಡೆ ಎಬ್ಬಿಸಬೇಕು. ಎರಡು ಕುರ್ಚಿಯ ಅಂಗಡಿ ಒಂದು ಕುರ್ಚಿಯದಾಗುತ್ತದೆ. ಹೋಗುವ ಕುರ್ಚಿ ಮಾವನವರದು. ಒಬ್ಬನ ಗಡ್ಡಕ್ಕೆ ಸೋಪು ಹಚ್ಚಿ ಅದರಲ್ಲಿ ಕೂರಿಸಿ, ಇವರು ಇನ್ನೊಬ್ಬನ ತಲೆ ಮುಗಿಸುತ್ತಾರೆ. ಕಾಯಬೇಕಾಗಿ ಬಂದರೆ ಗಿರಾಕಿ ಎದುರುಸಾಲಿನ ಹೊಸ ಅಂಗಡಿಗೆ ಹೋಗುತ್ತಾನೆ, ಒಮ್ಮೆ ಹೋದವನು ತಿರುಗಿ ಬರುವುದಿಲ್ಲ. ಈ ಭಯ ಇವರಿಗಿದೆ, ನನಗೂ ಇದೆ. ಆದರೆ ಭಯ ಇದೆ ಎಂದು ಬಾಯಿಬಿಟ್ಟು ಹೇಳಬೇಕಲ್ಲ? ತಂಗಿ ಬಂದು ಕೇಳಿದಾಗಲೆಲ್ಲ ಇವರದು ಒಂದೇ ಮಾತು, ‘ನೋಡೋಣ’. ಅವಳು ಕಾಫಿ ಕುಡಿದು ಹೋಗುತ್ತಾಳೆ. ಬಸ್ ನಿಲ್ದಾಣದವರೆಗೆ ನಾನು ಜೊತೆಗೆ ಹೋಗುತ್ತೇನೆ, ಇಬ್ಬರೂ ಬೇರೆ ಏನೇನೋ ಮಾತಾಡುತ್ತೇವೆ.

ಒಂದು ಮಧ್ಯಾಹ್ನ ಇವರು ಕುರ್ಚಿಯಿಂದಲೇ ಕೂಗಿದರು, ‘ಕೇಳೇ ಇಲ್ಲಿ, ಎಂಥೆಂಥ ಅಣ್ಣಂದಿರು ಇರ್ತಾರೆ’ ಎಂದು. ಯಾರೋ ಹೆಂಗಸು ಹೆಸರಿಲ್ಲದೆ ಬರೆದಿದ್ದಳು. ಅಮ್ಮನ ಮನೆ, ಕೆಳಗೆ ಅಣ್ಣನ ಹೊಲಿಗೆ ಅಂಗಡಿ. ಗಂಡ ಇಲ್ಲ, ಮಗಳಿದ್ದಾಳೆ, ಬಾಡಿಗೆ ಮನೆ ಬಿಡಬೇಕಾಗಿದೆ. ಮಹಡಿ ಕೇಳಿದರೆ ಅಣ್ಣ ನೋಡೋಣ ಎನ್ನುತ್ತಾನೆ. ಮೆಟ್ಟಿಲು ಅಂಗಡಿಯ ಕನ್ನಡಿಯ ಹಿಂದೆ ಇದೆಯಂತೆ, ಅದೇ ತೊಡಕಂತೆ. ‘ಅಣ್ಣ ಕೆಟ್ಟವನಲ್ಲ, ನನಗೇ ಕೇಳಲಿಕ್ಕೆ ಬರುವುದಿಲ್ಲವೇನೋ’ ಎಂದು ಕೊನೆಗೆ ಬರೆದಿದ್ದಳು. ಇವರು ಒಂದಕ್ಷರ ಬಿಡದೆ ಓದಿದರು.

ಬರೆದವಳು ನನ್ನ ನಾದಿನಿಯೇ. ಅಣ್ಣನ ಮಾನ ಹೋಗಬಾರದೆಂದು ಕ್ಷೌರದ ಅಂಗಡಿಯನ್ನು ಹೊಲಿಗೆ ಅಂಗಡಿ ಮಾಡಿದ್ದಳು ಪುಣ್ಯಾತ್ಗಿತ್ತಿ. ಉಳಿದದ್ದೆಲ್ಲ ಇದ್ದ ಹಾಗೇ ಇತ್ತು. ಓದುವವರ ಕಣ್ಣೆದುರಿಗೇ ಆ ಕನ್ನಡಿ, ಅದರ ಹಿಂದೆ ಆ ಮೆಟ್ಟಿಲು. ಆದರೂ ಹೊಳೆಯಲಿಲ್ಲ. ತಾನು ದರ್ಜಿ ಅಲ್ಲವಲ್ಲ!

ಸ್ವಲ್ಪ ಯೋಚಿಸಿ ಬರೆಯಿರಿ, ಆ ಅಣ್ಣನಿಗೂ ಏನು ಕಷ್ಟವಿದೆಯೋ ಎಂದೆ. ಇಂಥ ದರ್ಜಿಗಳನ್ನು ತಾನು ಬೇಕಾದಷ್ಟು ನೋಡಿದ್ದೇನೆ ಎಂದರು. ನಾನು ಬಾಯಿ ಮುಚ್ಚಿಕೊಂಡೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ನಿಜ ಹೇಳುತ್ತೇನೆ: ಸಿಟ್ಟು. ತಂಗಿಯ ಎದುರು ಹೊರಡದ ನ್ಯಾಯ ಅಲ್ಲಾದರೂ ಹೊರಡಲಿ, ನೋಡಿಯೇ ಬಿಡೋಣ ಅನ್ನಿಸಿತು.

ಹೊರಟಿತು ನೋಡಿ! ‘ಅಮ್ಮಾ, ನೋಡೋಣ ಅನ್ನುವವನು ಎಂದಿಗೂ ನೋಡುವುದಿಲ್ಲ. ಅಂಗಡಿ ತೋರಿಸಿ ಕನಿಕರ ಗಿಟ್ಟಿಸುವುದು ಇಂಥವರ ಹಳೇ ವರಸೆ. ತಾಯಿಯ ಮನೆ ಇಬ್ಬರದೂ. ಕೈಮುಗಿದು ಕೇಳಬೇಡಿ, ವಕೀಲರನ್ನು ಹಿಡಿದು ನೋಟಿಸ್ ಕಳಿಸಿ.’ ಅಷ್ಟಕ್ಕೇ ನಿಲ್ಲಲಿಲ್ಲ. ‘ಮನೆದೀಪ’ ಎಂಬ ಹೆಸರಿನವನೊಬ್ಬ, ಹೆಣ್ಣುಮಕ್ಕಳು ಪಾಲು ಕೇಳಲು ಶುರು ಮಾಡಿದ ಮೇಲೇ ಮನೆಗಳು ಒಡೆದದ್ದು ಎಂದು ಅಡ್ಡಬಾಯಿ ಹಾಕಿದ. ಇವರು ಅವನ ಚರ್ಮ ಸುಲಿದರು. ಅವನು ಸರ್ಕಾರವನ್ನು ಎಳೆದು ತಂದ, ಇವರು ಅವನ ಪಕ್ಷವನ್ನು ಎಳೆದು ತಂದರು. ಎರಡು ಮೂರು ದಿನ ಇದೇ. ಕೊನೆಗೆ ಮನೆದೀಪ ಆರಿಹೋದ. ಜನ ಚಪ್ಪಾಳೆಯ ಗುರುತು ಹಾಕಿದರು. ಇವರು ಆ ದಿನ ಗಿರಾಕಿಯ ಗಡ್ಡ ಕೆರೆಯುತ್ತಾ ಸಣ್ಣಗೆ ಸಿಳ್ಳೆ ಹಾಕಿದ್ದು ನನಗೆ ಅಡುಗೆಮನೆಗೆ ಕೇಳಿಸಿತು.

ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಆದರೆ ಈ ಗಾಳಕ್ಕೆ ಸಿಕ್ಕಿದ್ದು ಹಾಕಿದವರೇ. ಆ ಹೆಂಗಸು ಎಲ್ಲರೆದುರು ಕೇಳಿದಳು: ‘ಸರ್, ನನಗೆ ಹಿರಿಯರು ಅಂತ ಯಾರೂ ಇಲ್ಲ. ಈ ಮಾತನ್ನು ನೀವೇ ಬಂದು ನನ್ನ ಅಣ್ಣನ ಮುಂದೆ ಹೇಳ್ತೀರಾ? ಆಮೇಲೆ ನೀವು ಹೇಗೆ ಹೇಳಿದರೆ ಹಾಗೆ.’ ನೋಡುವ ಕಣ್ಣು ಅಷ್ಟಿರುವಾಗ ನೇರನುಡಿ ಹಿಂದೆ ಸರಿಯುವುದುಂಟೆ? ‘ಖಂಡಿತ ಬರ್ತೀನಮ್ಮ. ನಿಮ್ಮ ಅಣ್ಣನ ಮುಖ ನಾನೂ ಒಂದು ಸಲ ನೋಡಬೇಕು’ ಎಂದು ಬರೆದರು. ಅವಳು ಬೇರೆಯವರಿಗೆ ಕಾಣದ ಹಾಗೆ ವಿಳಾಸ ಕಳಿಸಿ, ಅಂಗಡಿಗೆ ರಜೆಯಿರುವ ದಿನ ಬನ್ನಿ ಎಂದಳು.

ಫೋನು ಹಿಡಿದುಕೊಂಡು ಇವರು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಾಗ ಮುಖದಲ್ಲಿ ರಕ್ತವಿರಲಿಲ್ಲ. ಅದನ್ನು ನನ್ನ ಕಡೆ ಚಾಚಿದರು. ನಾನು ಓದುವ ಅಗತ್ಯವಿರಲಿಲ್ಲ.

‘ನಿನಗೆ ಗೊತ್ತಿತ್ತಾ?’

‘ನಿಮಗೆ ಗೊತ್ತಾಗದೆ ಇದ್ದದ್ದು ಹೆಂಗೆ ಅಂತ ನಾನು ಕೇಳ್ತಿದ್ದೀನಿ.’

ಕೂಗಾಡಿದರು. ಗಂಡನ ಮರ್ಯಾದೆ ತೆಗೆಯಲಿಕ್ಕೆ ನಾನೂ ತಂಗಿಯೂ ಸೇರಿ ಹೂಡಿದ ಆಟ ಇದು ಎಂದರು. ಅವಳಿಗೆ ಏನೂ ಗೊತ್ತಿಲ್ಲ, ನೇರನುಡಿ ಯಾರೋ ದೊಡ್ಡ ಮನುಷ್ಯ ಎಂದು ನಂಬಿದ್ದಾಳೆ ಎಂದೆ. ಆಗ ದನಿ ಇಳಿಸಿದರು. ಬರಲಾಗುವುದಿಲ್ಲ ಎಂದು ಬರೆದುಬಿಡಲೇ ಎಂದು ಕೇಳಿದರು. ಬರೆಯಲಿಲ್ಲ. ತಂಗಿಗೂ ಹೇಳಲಿಲ್ಲ. ಅದೇ ಹಳೇ ರೋಗ.

ಅಂಗಡಿಗೆ ರಜೆಯಿದ್ದ ದಿನ ನಾದಿನಿ ಬಂದಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು, ಯಾವುದೋ ಸಂದರ್ಶನಕ್ಕೆ ಬಂದವಳ ಹಾಗೆ. ಅಣ್ಣನಿಗೆ ಮೊದಲೇ ಹೇಳಿಬಿಟ್ಟಳು: ಇವತ್ತು ಒಬ್ಬರು ಬರುತ್ತಾರೆ, ತನಗೆ ಮುಖ ಪರಿಚಯವಿಲ್ಲ, ಆದರೆ ನ್ಯಾಯಸ್ಥರು, ಅವರ ಮುಂದೆ ಕೂತು ಮಾತಾಡೋಣ, ಅವರು ಬೇಡವೆಂದರೆ ತಾನು ಇನ್ನು ಕೇಳುವುದಿಲ್ಲ. ಇವರು ತಲೆಯಾಡಿಸಿದರು. ಮೂವರೂ ಅಂಗಡಿಯಲ್ಲೇ ಕೂತೆವು. ಅವಳು ಅಪ್ಪನ ಕುರ್ಚಿಯಲ್ಲಿ, ಇವರು ತಮ್ಮ ಕುರ್ಚಿಯಲ್ಲಿ, ನಾನು ಗಿರಾಕಿಗಳು ಕಾಯುವ ಬೆಂಚಿನ ಮೇಲೆ. ಅರ್ಧ ತೆರೆದ ಷಟರಿನ ಕೆಳಗೆ ಯಾರ ಕಾಲು ಕಂಡರೂ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕಾಲುಗಳು ಹಾದುಹೋಗುತ್ತಿದ್ದವು.

ಕಾಫಿಯ ಲೋಟಗಳು ಖಾಲಿಯಾದವು. ದೂರದಿಂದ ಬರುತ್ತಿರಬಹುದು ಎಂದಳು. ಬಸ್ಸು ಸಿಕ್ಕಿರಲಿಕ್ಕಿಲ್ಲ ಎಂದಳು. ಇವರು ಕೈಗೆ ಸಿಕ್ಕಿದ ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆಯುತ್ತಾ ಕೂತಿದ್ದರು. ಫೋನನ್ನು ಆರಿಸಿ ಒಳಗೆ ಇಟ್ಟು ಬಂದದ್ದು ನನಗೆ ಗೊತ್ತಿತ್ತು. ಅವಳು ಮತ್ತೆ ಮತ್ತೆ ತನ್ನ ಫೋನು ನೋಡಿದಳು. ಕೊನೆಗೆ ಅದನ್ನು ಚೀಲಕ್ಕೆ ಹಾಕಿ ನಕ್ಕಳು.

‘ಹೋಗ್ಲಿ ಬಿಡಣ್ಣ. ಗುರುತಿಲ್ಲದವರು ನನಗೋಸ್ಕರ ಬರ್ತಾರೆ ಅಂತ ನಂಬಿದೆನಲ್ಲ, ನನ್ನದೇ ತಪ್ಪು. ನಾನು ಇನ್ನು ಕೇಳಲ್ಲ. ಅಂಗಡಿ ನಿನ್ನದು, ನೀನೇ ಇಟ್ಕೋ.’

ಇವರು ಉಸಿರು ಬಿಟ್ಟರು. ಸಣ್ಣ ಉಸಿರು, ಯಾರಿಗೂ ಕೇಳಬಾರದಿತ್ತು. ನನಗೆ ಕೇಳಿಸಿತು. ಇಪ್ಪತ್ತು ವರ್ಷ ಬಾಳಿದ ಗಂಡನ ಮೇಲೆ ನನಗೆ ಆ ಗಳಿಗೆಯಲ್ಲಿ ಬಂದಷ್ಟು ಅಸಹ್ಯ ಎಂದೂ ಬಂದಿರಲಿಲ್ಲ. ಕನ್ನಡಿ ಉಳಿಯಿತು, ಕುರ್ಚಿ ಉಳಿಯಿತು, ನನ್ನ ಅನ್ನವೂ ಉಳಿಯಿತು. ಅದೆಲ್ಲ ಗೊತ್ತಿದ್ದೂ ನಾಲಿಗೆ ತಡೆಯಲಿಲ್ಲ.

‘ಅವರು ಬಂದು ಆಗಲೇ ಎಷ್ಟು ಹೊತ್ತಾಯ್ತು’ ಎಂದೆ. ‘ನಿನ್ನ ಪಕ್ಕದ ಕುರ್ಚೀಲೇ ಇದ್ದಾರೆ.’

ಅವಳು ಮೊದಲು ಬಾಗಿಲು ನೋಡಿದಳು, ಆಮೇಲೆ ನನ್ನನ್ನು, ಆಮೇಲೆ ಅಣ್ಣನನ್ನು. ಇವರು ತಲೆ ಎತ್ತಲಿಲ್ಲ. ಅಲ್ಲ ಎನ್ನಬಹುದಿತ್ತು, ಅದನ್ನೂ ಎನ್ನಲಿಲ್ಲ. ನಾದಿನಿಯ ಮುಖ ಕೆಂಪಾಯಿತು, ಕಣ್ಣು ತುಂಬಿತು. ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ಕುರ್ಚಿಯನ್ನು ನಿಧಾನವಾಗಿ ಅಣ್ಣನ ಕಡೆ ತಿರುಗಿಸಿದಳು. ಹುಟ್ಟಿದಾಗಿನಿಂದ ಏಕವಚನದಲ್ಲಿ ಮಾತಾಡಿಸಿದ ಅಣ್ಣನಿಗೆ ಕೈಜೋಡಿಸಿದಳು.

‘ಬಂದಿರಲ್ಲ ಸರ್, ದೊಡ್ಡ ಉಪಕಾರ. ಈಗ ಹೇಳಿ, ನಾನೇನು ಮಾಡಲಿ?’

ಅಣಕವಲ್ಲ ಅದು. ನಿಜವಾಗಿಯೂ ಕೇಳುತ್ತಿದ್ದಳು. ಬರೆದದ್ದರಲ್ಲಿ ಒಂದೇ ಒಂದು ಮಾತು ಬಾಯಿಂದ ಬಂದಿದ್ದರೆ ಸಾಕಿತ್ತು ಅವಳಿಗೆ. ಇವರ ತುಟಿ ಅಲುಗಿತು. ತಂಗಿಯನ್ನು ನೋಡಿದರು, ಅವಳು ಕೂತ ಅಪ್ಪನ ಕುರ್ಚಿಯನ್ನು ನೋಡಿದರು, ಕನ್ನಡಿ ನೋಡಿದರು. ಬಂತು, ಈಗ ಬಂತು ಎಂದು ನಾನು ಬೆಂಚಿನ ಅಂಚು ಹಿಡಿದುಕೊಂಡೆ.

‘ನೋಡೋಣ’ ಎಂದರು.

ಅವಳು ಕೈ ಇಳಿಸಿದಳು. ಕಣ್ಣೊರೆಸಿಕೊಂಡು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ‘ಸರಿ ಅಣ್ಣ. ಆ ಸರ್ ಹೇಳಿದ ಹಾಗೇ ಮಾಡ್ತೀನಿ. ನೋಟಿಸ್ ಬಂದರೆ ಬೇಜಾರು ಮಾಡ್ಕೋಬೇಡ.’ ಷಟರಿನ ಕೆಳಗೆ ಬಗ್ಗಿ ಹೊರಗೆ ಹೋದಳು. ಆ ದಿನ ಬಸ್ ನಿಲ್ದಾಣದವರೆಗೆ ನಾನು ಹೋಗಲಿಲ್ಲ. ಅವಳು ಕರೆಯಲಿಲ್ಲ.

ಸಂಜೆ ಇವರು ಫೋನು ತೆರೆದರು. ಗುಂಪಿನ ಜನ ಮುಗಿಬಿದ್ದು ಕೇಳುತ್ತಿದ್ದರು: ಹೋಗಿದ್ದಿರಾ ಸರ್, ಅಣ್ಣನ ಮುಖ ಹೇಗಿತ್ತು, ಏನಂದ? ಮನೆದೀಪನೂ ಮತ್ತೆ ಹೊತ್ತಿಕೊಂಡು ಹಲ್ಲು ಕಿಸಿಯುತ್ತಿದ್ದ. ಇವರು ಒಂದೆರಡು ಪದ ಒತ್ತಿ ಅಳಿಸಿದರು. ಆಮೇಲೆ ಗಿರಾಕಿಯನ್ನು ಕೇಳುವಷ್ಟು ಮೆತ್ತಗೆ ನನ್ನನ್ನು ಕೇಳಿದರು, ಏನು ಬರೆಯಲಿ ಎಂದು.

‘ಅಣ್ಣ ನೋಡೋಣ ಅಂದ ಅಂತ ಬರೀರಿ’ ಎಂದೆ. ‘ಅದಕ್ಕೆ ನೇರನುಡಿಯವರು ಹೌದು ಸರ್ ಅಂದರು ಅಂತಾನೂ ಬರೀರಿ.’

ಅವರು ಬರೆಯಲಿಲ್ಲ. ಕೈಯಲ್ಲೇ ಫೋನಿನ ಬೆಳಕು ಆರಿತು. ನಾನು ಪೊರಕೆ ತೆಗೆದುಕೊಂಡು ಕನ್ನಡಿಯ ಹಿಂದಿನ ಮೆಟ್ಟಿಲು ಹತ್ತಿದೆ.