ಚಹಾ ರುಚಿಗಾರರಿಗೊಂದು ಮೇಜು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಲಿಫ್ಟಿನಿಂದಲೇ, ಕಾಫಿ ಮಷೀನಿನಿಂದಲೇ? 'ಡಾಲ್‌ಹೌಸಿ ಚೌಕದ ಮೇಲೆ ಎಳೆಬಿಸಿಲು ಬಿದ್ದಿತ್ತು' ಎಂದು ಬರೆದೆ. ಕಥೆಯ ನಾಯಕಿ ಶರ್ಬಾನಿ ಮೂತಿ ತಿರುಗಿಸಿದಳು.

"ಬಿಸಿಲು ಯಾರಿಗ್ರೀ ಬೇಕು? ನಾವು ಆಫೀಸು ಹುಡುಕ್ತಿದೀವಿ. ಅದನ್ನ ಬರೀರಿ."

ಸರಿ. ಶರ್ಬಾನಿ ಲಾಹಿರಿ ಮತ್ತು ನಿರುಪಮ್ ಗುಛಾಯಿತ್ ಕೊಲ್ಕತ್ತದಲ್ಲಿ ಆಫೀಸು ಹುಡುಕುತ್ತಿದ್ದಾರೆ. ಇಬ್ಬರೂ ಚಹಾ ರುಚಿ ನೋಡುವವರು; ಅವರು ಹಿರಿಯರು, ಅವಳ ಬಾಯಲ್ಲಿ ನಿರುಪಮ್‌ದಾ, ಅಂದರೆ ನಿರುಪಮಣ್ಣ. ಸಾಲಾಗಿಟ್ಟ ಬಟ್ಟಲುಗಳಿಂದ ಒಂದೊಂದು ಚಮಚ ಸೊರ್ರನೆ ಹೀರಿ, ಪೀಕದಾನಿಗೆ ಪಿಚಕ್ಕನೆ ಉಗಿದು, ಈ ಚಹಾ ಇಂಥದ್ದು ಎಂದು ಹೇಳುವುದು ಅವರ ಕಸುಬು. ಅವರ ಹಳೆಯ ಕಂಪನಿ ಬಾಗಿಲು ಹಾಕಿತು. ಈಗ ಇಬ್ಬರೂ ಸೇರಿ ಸ್ವಂತ ಬೋರ್ಡು ಹಾಕಬೇಕು. ಮನೆಯಿಂದಲೇ ಮಾಡೋಣವೆಂದರೆ ಖರೀದಿದಾರರು ಬೆಹಾಲಾದ ಗಲ್ಲಿಗೆ ಬರುವುದಿಲ್ಲ; ಅವರಿಗೆ ಪೇಟೆಯ ನಡುಮಧ್ಯದ ವಿಳಾಸ ಬೇಕು. ಅಲ್ಲಿ ಸ್ವಂತ ಕೋಣೆ ಇವರ ಕೈಗೆಟುಕುವುದಿಲ್ಲ. ಉಳಿದದ್ದು ಕೋವರ್ಕಿಂಗ್.

(ಕೋವರ್ಕಿಂಗ್ ಎಂದರೆ ಬೆಳಿಗ್ಗೆ ಯಾರದೋ ಮೇಜಿನ ಮೇಲೆ ನಿಮ್ಮ ಬದುಕು ಹರವಿ, ಸಂಜೆ ಅದನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಮನೆಗೆ ಹೋಗುವುದು. ನನ್ನಂಥ ಲೇಖಕರು ಇದನ್ನು ಬಾಡಿಗೆ ಕೊಡದೆ ಮಾಡುತ್ತಾರೆ.)

೨

ಮೊದಲು ನೋಡಿದ ಜಾಗದಲ್ಲಿ ಮ್ಯಾನೇಜರ್ ರಿಮ್‌ಝಿಮ್ ನಗುತ್ತಲೇ ಎದುರಾದಳು.

"ಇಲ್ಲಿ ನಾವೆಲ್ಲ ಒಂದೇ ಫ್ಯಾಮಿಲಿ ಸರ್."

"ಬಾಳ ಸಂತೋಷ ತಾಯಿ," ಎಂದರು ನಿರುಪಮ್‌ದಾ. "ಉಗಿಯೋಕೆ ಎಲ್ಲಿ?"

"ಏನಂದ್ರಿ?"

"ಬೆಳಗಿಂದ ಸಂಜೆವರೆಗೂ ಉಗೀತಾ ಇರ್ಬೇಕು. ಹೀರುವಾಗ ಒಂಚೂರು ಸದ್ದೂ ಬರುತ್ತೆ. ಫ್ಯಾಮಿಲಿಗೆ ಬೇಜಾರಿಲ್ವಲ್ಲ?"

ಹೆಡ್ ಆಫೀಸನ್ನು ಕೇಳಿ ಹೇಳುತ್ತೇನೆ ಎಂದವಳು ಮತ್ತೆ ಫೋನ್ ಎತ್ತಲಿಲ್ಲ. ಇನ್ನೊಂದು ಜಾಗದಲ್ಲಿ ಕಿಟಕಿ ದಕ್ಷಿಣಕ್ಕಿತ್ತು. ರುಚಿಗಾರರಿಗೆ ಉತ್ತರದ ಬೆಳಕೇ ಬೇಕು. ಬಿಸಿಲು ನೇರ ಬಿದ್ದರೆ ಚಹಾದ ಬಣ್ಣ ಸುಳ್ಳು ಹೇಳುತ್ತದೆ.

(ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ನಗೆಬರಹವಾಗುತ್ತಿತ್ತು. ನಿಲ್ಲಿಸಬೇಕಿತ್ತು.)

೩

ಮೂರನೆಯ ಭಾಗ ತೀರಾ ಕಣ್ಣೀರಿನದಾಯಿತೆಂದು ಹರಿದು ಹಾಕಿದೆ. ಶರ್ಬಾನಿ ಚೂರುಗಳನ್ನು ಆರಿಸಿಕೊಂಡು ತಂದು ಕೊಟ್ಟಳು. "ಇದನ್ನ ಬಿಟ್ರೆ ನಿಮ್ಮ ಕಥೇಲಿ ಇನ್ನೇನ್ರೀ ಇದೆ?"

ಅದರಲ್ಲಿದ್ದುದಿಷ್ಟು. ಅವಳು ಕೆಲಸಕ್ಕೆ ಸೇರಿದಾಗ ರುಚಿಕೋಣೆಯ ಗಂಡಸರು, ಪೌಡರು ಹಚ್ಚುವ ಜಾತಿಗೆ ಚಹಾ ಏನು ತಿಳಿದೀತು ಎಂದು ನಕ್ಕಿದ್ದರು. ನಿರುಪಮ್‌ದಾ ತಮ್ಮ ಚಮಚವನ್ನೇ ಅವಳ ಕೈಗೆ ಕೊಟ್ಟು, ಎಲ್ಲರೆದುರಿಗೆ, "ಇವಳು ಹೇಳಿದ್ದೇ ನನ್ನ ಮಾತು" ಎಂದರು. ಅಂದಿನಿಂದ, ಪರಿಮಳ ಚಹಾದ ವಾಸನೆಯನ್ನು ಮುಚ್ಚೀತೆಂದು, ಅವಳು ಪೌಡರು ಮುಟ್ಟಿಲ್ಲ, ತಲೆಗೆ ಘಮದ ಎಣ್ಣೆ ಹಚ್ಚಿಲ್ಲ, ದುರ್ಗಾಪೂಜೆಯ ಅಷ್ಟಮಿಯಂದೂ ಸೆಂಟು ಹಾಕಿಲ್ಲ. ಹೆಣ್ಣಿನ ಮೂಗಿನ ಮೇಲೆ ಅವರಿಟ್ಟ ನಂಬಿಕೆಯನ್ನು ಅವಳು ಇಷ್ಟು ವರ್ಷ ಹಾಗೆ ಕಾಪಾಡಿಕೊಂಡಿದ್ದಾಳೆ.

೪

ಕ್ಯಾಮಾಕ್ ಸ್ಟ್ರೀಟಿನ ಎತ್ತರದ ಕಟ್ಟಡ. ಕಿಟಕಿ ಉತ್ತರಕ್ಕೇ ಇತ್ತು. ತೊಟ್ಟಿಯೂ ಇತ್ತು. ಉಗಿಯುವುದಕ್ಕೆ ಮ್ಯಾನೇಜರ್ ತಕರಾರು ಮಾಡಲಿಲ್ಲ. ಖಾಲಿ ಮೇಜುಗಳು ಆತನಿಗೆ ವಿನಯ ಕಲಿಸಿದ್ದವು.

ಆದರೆ ಲಿಫ್ಟಿನ ಬಾಗಿಲು ತೆರೆದದ್ದೇ ನಿಂಬೆಹುಲ್ಲಿನ ವಾಸನೆ ಶರ್ಬಾನಿಯ ಮುಖಕ್ಕೆ ರಾಚಿತು. ಮೂಲೆಮೂಲೆಯಲ್ಲಿ ಪುಟ್ಟ ಯಂತ್ರಗಳು ಸುಗಂಧದ ಹೊಗೆ ಬಿಡುತ್ತಿದ್ದವು. ಇಲ್ಲಿ ಕುಳಿತರೆ ಡಾರ್ಜಿಲಿಂಗೂ ಒಂದೇ, ಕಷಾಯವೂ ಒಂದೇ.

ನಿರುಪಮ್‌ದಾ ಕಣ್ಣುಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡರು. "ಆಹಾ! ನೋಡೇ ಶರ್ಬಾನಿ, ಒಂದಿಷ್ಟಾದ್ರೂ ವಾಸನೆ ಇದೆಯಾ? ನಮಗೇ ಹೇಳಿ ಮಾಡಿಸಿದ ಹಾಗಿದೆ."

ತಮಾಷೆಯೆಂದು ಅವಳು ನಕ್ಕಳು. ಅವರು ನಗಲಿಲ್ಲ. ಬಟ್ಟಲುಗಳನ್ನು ಎಲ್ಲಿಂದ ಎಲ್ಲಿಗೆ ಜೋಡಿಸುವುದೆಂದು ಮೇಜನ್ನು ಗೇಣಿನಿಂದ ಅಳೆಯುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಜ್ವರ ಬಂದು ಹೋದ ಮೇಲೆ ಅವರು ಪ್ರತಿ ಬಟ್ಟಲಿಗೂ "ನೀನೇ ಮೊದ್ಲು ಹೇಳು" ಎನ್ನತೊಡಗಿದ್ದರು. ಗುರು ನನ್ನನ್ನು ಸರಿಸಮ ಮಾಡಿಕೊಂಡರೆಂದು ಅವಳು ಒಳಗೊಳಗೇ ಬೀಗಿದ್ದಳು. ಈಗ ಆ ಹೆಮ್ಮೆಯೆಲ್ಲ ಬಾಯಲ್ಲಿ ಕಹಿಯಾಯಿತು. ತೊಟ್ಟಿ ಇದ್ದರೂ ಅದನ್ನು ಉಗಿಯುವಂತಿರಲಿಲ್ಲ.

೫

ಮುಕ್ತಾಯ, ಮೊದಲ ಪ್ರಯತ್ನ: ಲಿಫ್ಟಿನಲ್ಲಿ ಶರ್ಬಾನಿ ಅವರಿಗೆ ಅವರ ಮೂಗಿನ ನಿಜ ಹೇಳುತ್ತಾಳೆ.

"ಲಿಫ್ಟಲ್ಲಿ ಯಾರಾದ್ರೂ ಇಂಥದ್ದು ಹೇಳ್ತಾರೇನ್ರೀ? ಇಷ್ಟು ವರ್ಷ ನಾನು ತಲೆಬಾಗಿದ ಮನುಷ್ಯ ಅವರು."

ಇನ್ನೊಂದು: ಅವಳು ಇದೇ ಜಾಗ ಒಪ್ಪಿಕೊಳ್ಳುತ್ತಾಳೆ. ಈ ಘಾಟಿನಲ್ಲಿ ಇಬ್ಬರಿಗೂ ಏನೂ ತಿಳಿಯದು. ಗುರುವಿನ ಮಾನ ಉಳಿಯುತ್ತದೆ.

"ನನ್ನ ನಾಲಿಗೆ ಕೊಂದು ಉಳಿಸೋದಾ? ನಿಮಗದು ತ್ಯಾಗ. ನನಗೆ ಹೊಟ್ಟೆಪಾಡು ಸ್ವಾಮಿ."

(ನನಗೆ ನಾಚಿಕೆಯಾಯಿತು. ಆದರೂ ಬರೆದೆ.)

ಮತ್ತೊಂದು: ಅವಳು ಒಬ್ಬಳೇ ಬೋರ್ಡು ಹಾಕುತ್ತಾಳೆ.

"ಗುಛಾಯಿತ್ ಬಾಬು ಎಲ್ಲಿ ಅಂತ ಮೊದಲನೇ ಗಿರಾಕಿನೇ ಕೇಳ್ತಾನೆ. ಅವರ ಹೆಸರಿಲ್ದೆ ನನ್ನ ಮಾತು ಇವತ್ತಿಗೂ ಯಾರೂ ನಂಬಲ್ಲ. ಗೊತ್ತಿಲ್ವಾ ನಿಮಗೆ?"

"ಹಾಗಾದ್ರೆ ಏನ್ ಮಾಡ್ಲಿ ಹೇಳಿ."

"ನಾಲ್ಕನೇ ಭಾಗದಲ್ಲಿ ಅವರಾಡಿದ ಮಾತು ತೆಗೆದುಬಿಡಿ."

"ಓದೋರು ಆಗಲೇ ಓದಿಬಿಟ್ರಲ್ಲ."

"ಓದ್ಕೊಳ್ಳಿ ಬಿಡ್ರೀ. ಅವರೇನು ನನ್ನ ಹತ್ರ ಚಹಾ ಕೊಳ್ತಾರಾ? ನಿರುಪಮ್‌ದಾ ಓದಬಾರದು, ಅಷ್ಟೇ."

ತೆಗೆಯೋಣವೆಂದು ನಾಲ್ಕನೆಯ ಭಾಗಕ್ಕೆ ಹಿಂದಿರುಗಿದೆ. ಕಿಟಕಿಯ ಹತ್ತಿರ ನಿಂತಿದ್ದ ನಿರುಪಮ್‌ದಾ ನನ್ನತ್ತ ತಿರುಗಿದರು.

"ಓ ಲೇಖಕರೇ, ಆಗಿಂದ ಇವಳ ಜೊತೆ ಏನು ಪಿಸುಪಿಸು? ಬನ್ನಿ ಇಲ್ಲಿ. ಅವಳಂತೂ ಬಾಯಿ ಬಿಡ್ತಿಲ್ಲ, ನೀವಾದ್ರೂ ಹೇಳಿ. ಇಲ್ಲಿ ಏನಾದ್ರೂ ವಾಸನೆ ಇದೆಯಾ?"

ಮಾತು ಹಗುರಾಗಿಯೇ ಇತ್ತು. ಕೈ ಮಾತ್ರ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಶರ್ಬಾನಿ ನನ್ನನ್ನೇ ನೋಡುತ್ತಿದ್ದಾಳೆ. ನನ್ನ ಅಂಗಿಗೂ ಈಗ ನಿಂಬೆಹುಲ್ಲಿನ ವಾಸನೆ ಹತ್ತಿದೆ. ಅವರು ಇನ್ನೂ ಕಾಯುತ್ತಿದ್ದಾರೆ.